ಋತುಬಂಧದ ವಯಸ್ಸು ಮತ್ತು ಮುಪ್ಪಿನ ದೈಹಿಕ ಸ್ವಾವಲಂಬನೆ: ಮೂರು ಸಂಖ್ಯೆಗಳ ಲೆಕ್ಕ

ಗರ್ಭಧಾರಣೆಯಂತಹ ಬೇರೆ ಕಾರಣವಿಲ್ಲದೆ ಸತತ 12 ತಿಂಗಳು ಮುಟ್ಟಾಗದಿದ್ದರೆ ಕೊನೆಯ ಮುಟ್ಟನ್ನು ಋತುಬಂಧದ ಸಮಯವೆಂದು ಗುರುತಿಸುತ್ತಾರೆ. 40 ವರ್ಷಕ್ಕೆ ಮೊದಲು ಬಂದದ್ದು ಅಕಾಲಿಕ, 40ರಿಂದ 44ರೊಳಗೆ ಬಂದದ್ದು ಬೇಗನೆ ಬಂದದ್ದು. ಈ ವರ್ಗೀಕರಣವನ್ನು ಇಲ್ಲಿ ಇನ್ನಷ್ಟು ಬೆಳೆಸುವುದಿಲ್ಲ. ಋತುಬಂಧ ಬೇಗನೆ ಬಂದವರ ದೈಹಿಕ ಸ್ವಾವಲಂಬನೆ ಮುಪ್ಪಿನಲ್ಲಿ ಹೆಚ್ಚು ಕುಂದುತ್ತದೆ ಎಂಬ ವಾದವನ್ನು ಅಳೆದು ನೋಡುವುದು ಹೇಗೆಂಬುದೇ ಇಲ್ಲಿನ ವಿಷಯ.

ದೈಹಿಕ ಸ್ವಾವಲಂಬನೆಯನ್ನು ಅಳೆಯುವ ಬಗೆಗಳು ಎರಡು. ಒಂದು, ಕೇಳಿ ತಿಳಿಯುವುದು. 1963ರ ಕಾಟ್ಜ್ ಸೂಚ್ಯಂಕವು ಸ್ನಾನ, ಉಡುಪು ಧರಿಸುವುದು, ಶೌಚಾಲಯದ ಬಳಕೆ, ಹಾಸಿಗೆಯಿಂದ ಎದ್ದು ಕುರ್ಚಿಗೆ ಹೋಗುವುದು, ಮಲಮೂತ್ರಗಳ ನಿಯಂತ್ರಣ, ಊಟ ಎಂಬ ಆರು ಕೆಲಸಗಳನ್ನು ಬೇರೆಯವರ ನೆರವಿಲ್ಲದೆ ಮಾಡಬಲ್ಲರೇ ಎಂದು ನೋಡುತ್ತದೆ. ಈ ಆರರಲ್ಲಿ ಒಂದು ಕೈತಪ್ಪುವ ಹೊತ್ತಿಗೆ ದೇಹದ ಶಕ್ತಿ ಬಹಳಷ್ಟು ಕುಂದಿರುತ್ತದೆ. ಆದ್ದರಿಂದ ಎರಡನೆಯ ಬಗೆ, ಅಂದರೆ ಮಾಡಿಸಿ ನೋಡುವುದು, ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುತ್ತದೆ. ಇದರಲ್ಲಿ ಕೈಹಿಡಿತದ ಬಲ, ನಡಿಗೆಯ ವೇಗ ಮತ್ತು ಕುರ್ಚಿಯ ಪರೀಕ್ಷೆ ಮುಖ್ಯ. ಕುರ್ಚಿಯ ಪರೀಕ್ಷೆಯಲ್ಲಿ ಎರಡೂ ಕೈಗಳನ್ನು ಎದೆಯ ಮೇಲೆ ಕತ್ತರಿಯಾಗಿ ಮಡಚಿಕೊಂಡು, ಎಲ್ಲಿಯೂ ಊರಿಕೊಳ್ಳದೆ, ಐದು ಸಲ ಪೂರ್ತಿ ಎದ್ದು ಕುಳಿತುಕೊಳ್ಳಬೇಕು. ಇದಕ್ಕೆ 15 ಸೆಕೆಂಡಿಗಿಂತ ಹೆಚ್ಚು ಹಿಡಿದರೆ, ಅಥವಾ ಮಹಿಳೆಯ ಕೈಹಿಡಿತ 16 ಕಿಲೋಗಿಂತ ಕಡಿಮೆಯಿದ್ದರೆ, ಯುರೋಪಿನ ಪರಿಷ್ಕೃತ ಮಾನದಂಡದ ಪ್ರಕಾರ ಸ್ನಾಯುಬಲ ಕುಂದಿದೆ ಎಂದರ್ಥ.

ಋತುಬಂಧವನ್ನೂ ದೈಹಿಕ ಸ್ವಾವಲಂಬನೆಯನ್ನೂ ಬೆಸೆಯುವ ಕೊಂಡಿ ಈಸ್ಟ್ರೋಜನ್, ಅಂದರೆ ಮುಖ್ಯವಾಗಿ ಅಂಡಾಶಯಗಳಲ್ಲಿ ತಯಾರಾಗುವ, ಋತುಬಂಧದ ಹೊತ್ತಿಗೆ ಕುಸಿಯುವ ಹಾರ್ಮೋನು. ಮೂಳೆಯನ್ನು ಕರಗಿಸುವ ಕೋಶಗಳನ್ನು ಅದು ಹತೋಟಿಯಲ್ಲಿಡುತ್ತದೆ. ಆ ಹತೋಟಿ ಸಡಿಲವಾದಾಗ, ಕೊನೆಯ ಮುಟ್ಟಿನ ಆಸುಪಾಸಿನ ಕೆಲವು ವರ್ಷಗಳಲ್ಲಿ ಮೂಳೆಯ ಸವೆತ ಅತಿ ವೇಗವಾಗಿದ್ದು, ಬಳಿಕ ನಿಧಾನವಾಗುತ್ತದೆ. ಸ್ನಾಯುಗಳಲ್ಲಿಯೂ ಈಸ್ಟ್ರೋಜನ್ ಗ್ರಾಹಕಗಳಿವೆ, ಅಂದರೆ ಆ ಹಾರ್ಮೋನು ಬಂದು ಅಂಟಿ ಕೆಲಸ ಮಾಡುವ ತಾಣಗಳಿವೆ. ಋತುಬಂಧ ಬೇಗನೆ ಬಂದವರ ದೇಹ ಈ ರಕ್ಷಣೆಯಿಲ್ಲದೆ ಹೆಚ್ಚು ವರ್ಷ ಕಳೆಯುತ್ತದೆ ಎಂಬುದೇ ಇಡೀ ವಾದದ ತಿರುಳು.

ನನ್ನನ್ನು ಹೆಚ್ಚು ಹೊತ್ತು ತಡೆದು ನಿಲ್ಲಿಸಿದ್ದು ಇದೇ "ಹೆಚ್ಚು ವರ್ಷ" ಎಂಬ ಮಾತು. ಈಗಿನ ವಯಸ್ಸು, ಋತುಬಂಧದ ವಯಸ್ಸು, ಋತುಬಂಧದ ನಂತರ ಕಳೆದ ವರ್ಷಗಳು ಎಂಬ ಮೂರು ಸಂಖ್ಯೆಗಳಲ್ಲಿ ಮೊದಲನೆಯದು ಉಳಿದೆರಡರ ಮೊತ್ತ. ಹಾಗಾಗಿ ಯಾವುದೇ ಎರಡನ್ನು ಗೊತ್ತುಮಾಡಿದರೆ ಮೂರನೆಯದು ತಾನಾಗಿ ಗೊತ್ತಾಗಿಬಿಡುತ್ತದೆ. 70 ವರ್ಷದ ಇಬ್ಬರು ಮಹಿಳೆಯರಲ್ಲಿ ಒಬ್ಬರ ಋತುಬಂಧ 42ಕ್ಕೆ, ಇನ್ನೊಬ್ಬರದು 52ಕ್ಕೆ ಆಗಿದೆಯೆಂದುಕೊಳ್ಳೋಣ. ಮೊದಲನೆಯವರು 28 ವರ್ಷಗಳನ್ನೂ ಎರಡನೆಯವರು 18 ವರ್ಷಗಳನ್ನೂ ಋತುಬಂಧದ ನಂತರ ಕಳೆದಿದ್ದಾರೆ. ಮೊದಲನೆಯವರು ನಿಧಾನವಾಗಿ ನಡೆಯುತ್ತಿದ್ದರೆ ಅದಕ್ಕೆ ಕಾರಣ 42ರಲ್ಲಿಯೇ ಆದ ಹಾರ್ಮೋನಿನ ಕುಸಿತವೋ, ಆಮೇಲಿನ 28 ವರ್ಷಗಳೋ ಎಂಬುದನ್ನು ಈ ಹೋಲಿಕೆಯಿಂದ ಬೇರ್ಪಡಿಸಲಾಗದು. ಸರಿ, ಕಳೆದ ವರ್ಷಗಳನ್ನಾದರೂ ಸಮ ಮಾಡೋಣವೆಂದು ಇಬ್ಬರನ್ನೂ ಋತುಬಂಧದ 20 ವರ್ಷಗಳ ನಂತರ ಹೋಲಿಸಿದರೆ, ಒಬ್ಬರಿಗೆ 62, ಇನ್ನೊಬ್ಬರಿಗೆ 72. ಈಗ ವಯಸ್ಸಿನದೇ 10 ವರ್ಷಗಳ ಅಂತರ ನಡುವೆ ಬಂದು ಕೂರುತ್ತದೆ. ಮೂರನ್ನೂ ಒಂದೇ ರೇಖೀಯ ಸಮೀಕರಣಕ್ಕೆ ಹಾಕಿದರೆ ಅವುಗಳ ಪ್ರತ್ಯೇಕ ಪರಿಣಾಮಗಳು ಹೊರಬರುವುದೇ ಇಲ್ಲ. ಅದೇ ಮಹಿಳೆಯರನ್ನು ವರ್ಷವರ್ಷ ಅಳೆದರೂ ಈ ಕೂಡಿಕೆ ಮುರಿಯದು, ಏಕೆಂದರೆ ಪ್ರತಿ ಭೇಟಿಯಲ್ಲಿಯೂ ಈಗಿನ ವಯಸ್ಸು ಉಳಿದೆರಡರ ಮೊತ್ತವೇ ಆಗಿರುತ್ತದೆ. ಆದರೂ ಅಂತಹ ಅಧ್ಯಯನದಿಂದ ಬೇರೊಂದು ದೊಡ್ಡ ಲಾಭವಿದೆ: ಋತುಬಂಧಕ್ಕೆ ಮೊದಲು ಆಕೆಯ ಬಲ ಎಷ್ಟಿತ್ತು ಎಂಬುದು ತಿಳಿದಿರುವುದರಿಂದ, ಇಳಿತ ಯಾವಾಗ ಚುರುಕಾಯಿತೆಂದು ಆಕೆಯ ಹಿಂದಿನ ಅಳತೆಗಳೊಂದಿಗೇ ಹೋಲಿಸಿ ನೋಡಬಹುದು. ಅಮೆರಿಕದಲ್ಲಿ 1996ರಲ್ಲಿ ಮಹಿಳೆಯರನ್ನು ಸೇರಿಸಿಕೊಳ್ಳಲು ಆರಂಭಿಸಿ, ಅವರ ಆರೋಗ್ಯವನ್ನು ಹಲವು ವರ್ಷ ಹಿಂಬಾಲಿಸಿದ ಸ್ವಾನ್ ಅಧ್ಯಯನವು ಇನ್ನೂ ಋತುಬಂಧವಾಗದ ಮಹಿಳೆಯರಿಂದಲೇ ಶುರುಮಾಡಿದ್ದು ಈ ಕಾರಣಕ್ಕೆ ಅಮೂಲ್ಯ. ನಾನೀಗ ಯಾವ ಪ್ರಬಂಧ ಓದಿದರೂ, ಮೂರರಲ್ಲಿ ಯಾವುದನ್ನು ಸಮ ಮಾಡಿದ್ದಾರೆ ಎಂಬುದನ್ನು ಅಂಚಿನಲ್ಲಿ ಬರೆದುಕೊಂಡೇ ಮುಂದುವರಿಯುತ್ತೇನೆ.

ಧೂಮಪಾನವನ್ನೂ ಮರೆಯಬಾರದು. ಅದು ಋತುಬಂಧವನ್ನು ಸುಮಾರು ಒಂದೆರಡು ವರ್ಷ ಮುಂಚೆಯೇ ತರುತ್ತದೆ, ಶ್ವಾಸಕೋಶವನ್ನೂ ಮೂಳೆಯನ್ನೂ ನೇರವಾಗಿ ಕೆಡಿಸುತ್ತದೆ. ಹೀಗಾಗಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಅಧ್ಯಯನದಲ್ಲಿ ಹೊಗೆಯ ಹಾನಿಯೆಲ್ಲ ಋತುಬಂಧದ ತಲೆಯ ಮೇಲೆ ಬೀಳುತ್ತದೆ.

ಶಸ್ತ್ರಚಿಕಿತ್ಸೆಯಾದವರ ವಿಷಯ ಬೇರೆ. ಎರಡೂ ಅಂಡಾಶಯಗಳನ್ನು ತೆಗೆದಾಗ ಈಸ್ಟ್ರೋಜನ್ ಥಟ್ಟನೆ ಕುಸಿಯುತ್ತದೆ. ಗರ್ಭಕೋಶವನ್ನಷ್ಟೇ ತೆಗೆದು ಅಂಡಾಶಯಗಳನ್ನು ಉಳಿಸಿದಾಗ ಮುಟ್ಟು ನಿಲ್ಲುತ್ತದೆ, ಈಸ್ಟ್ರೋಜನ್ ಮಾತ್ರ ನಿಲ್ಲುವುದಿಲ್ಲ. ಅಂಥವರು "ಮುಟ್ಟು ನಿಂತದ್ದು 41ಕ್ಕೆ" ಎಂದರೆ ಅದು ಋತುಬಂಧದ ವಯಸ್ಸಲ್ಲ. ಈ ಇಬ್ಬರನ್ನೂ ಸಹಜ ಋತುಬಂಧದವರೊಂದಿಗೆ ಒಂದೇ ಅಂಕಣದಲ್ಲಿ ಸೇರಿಸಿದ್ದಾರೆಯೇ ಎಂಬುದನ್ನು, ಫಲಿತಾಂಶದ ಕೋಷ್ಟಕಕ್ಕೆ ಹೋಗುವ ಮೊದಲೇ, ವಿಧಾನದ ಭಾಗದಲ್ಲಿ ಹುಡುಕಿ ನೋಡಬೇಕು.