ಉತ್ತರ ಗೊತ್ತಿರುವ ಟೊಮೆಟೊ

ಬಂಡಿಪಾಳ್ಯ ಮಾರುಕಟ್ಟೆಯ ಟೊಮೆಟೊದಲ್ಲಿ ಎಷ್ಟು ಕೀಟನಾಶಕ ಔಷಧಿ ಉಳಿದಿದೆ ಅಂತ ಲ್ಯಾಬ್ ಒಂದು ಅಂಕಿ ಕೊಡುತ್ತದೆ. ತಕರಾರು ಬಂದರೆ ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಂಥ ರೆಫರಲ್ ಲ್ಯಾಬ್‌ಗೆ ಮಾದರಿ ಹೋಗುತ್ತದೆ. ಎರಡು ಕಡೆಯ ಅಂಕಿ ಬೇರೆಯಾದರೆ ಯಾರನ್ನು ನಂಬುವುದು? ಅದಕ್ಕೇ ಉತ್ತರ ಮೊದಲೇ ಗೊತ್ತಿರುವ ಟೊಮೆಟೊ ಬೇಕು. ಅದನ್ನು ಅಳೆಯಲು ಕೊಟ್ಟರೆ ಯಾವ ಲ್ಯಾಬ್ ಸರಿಯಾಗಿ ಅಳೆಯುತ್ತಿದೆ ಅಂತ ತಿಳಿಯುತ್ತದೆ. ಪ್ರಮಾಣಿತ ಮಾದರಿ ಅನ್ನುವುದು ಇದನ್ನೇ.

ಬೇರೆ ಮಿತಿ ನಿಗದಿಯಾಗದ ಕೀಟನಾಶಕಕ್ಕೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಸಾಮಾನ್ಯವಾಗಿ ಇಟ್ಟಿರುವ ಮಿತಿ ಕಿಲೋಗೆ 0.01 ಮಿಲಿಗ್ರಾಂ. ಅಂದರೆ 100 ಕಿಲೋ ಟೊಮೆಟೊದಲ್ಲಿ 1 ಮಿಲಿಗ್ರಾಂ! ಪರೀಕ್ಷೆಗೆ ತೆಗೆದುಕೊಳ್ಳುವುದು ಹೆಚ್ಚಾಗಿ 10 ಗ್ರಾಂ ಮಾತ್ರ.

ಔಷಧಿ ಇಲ್ಲದ ಟೊಮೆಟೊ ರುಬ್ಬಿ, ಗೊತ್ತಿರುವಷ್ಟು ಕೀಟನಾಶಕ ಬೆರೆಸುವುದು ಸುಲಭದ ದಾರಿ. ಗಿಡಕ್ಕೇ ಸಿಂಪಡಿಸಿ, ಕಾದು, ಕಿತ್ತ ಹಣ್ಣು ಇನ್ನೂ ಒಳ್ಳೆಯದು ಅನ್ನುತ್ತೇನೆ ನಾನು. ಅಲ್ಲಿ ಔಷಧಿ ರೈತರ ಹೊಲದಲ್ಲಿ ಇಳಿದ ಹಾಗೇ ಹಣ್ಣಿನೊಳಗೆ ಇಳಿದಿರುತ್ತದೆ. ಅದನ್ನು ಹೊರಗೆಳೆಯುವ ಕೆಲಸದಲ್ಲೇ ಲ್ಯಾಬ್‌ನ ನಿಜವಾದ ಸಾಮರ್ಥ್ಯ ತಿಳಿಯುತ್ತದೆ.

ಕಷ್ಟ ಇರುವುದು ರುಬ್ಬುವಾಗ. ಉಳಿಕೆ ಹೆಚ್ಚಾಗಿ ಸಿಪ್ಪೆಯಲ್ಲಿರುತ್ತದೆ. ಸಿಪ್ಪೆಯ ಚೂರು ಒಂದು ಬಾಟಲಿಗೆ ಜಾಸ್ತಿ ಬಿದ್ದರೆ ಆ ಬಾಟಲಿಯ ಉತ್ತರವೇ ಬೇರೆ. ಸುಮ್ನೆ ಮಿಕ್ಸಿಗೆ ಹಾಕಿದರೂ ಆಗುವುದಿಲ್ಲ. ಹಣ್ಣಿನ ರಸ ಹೊರಬಂದ ಕೂಡಲೇ ಕ್ಯಾಪ್ಟಾನ್, ಕ್ಲೋರೋಥಲೋನಿಲ್‌ನಂಥ ಶಿಲೀಂಧ್ರನಾಶಕಗಳು ಒಡೆಯತೊಡಗುತ್ತವೆ. ಅದಕ್ಕೇ ಡ್ರೈ ಐಸ್ ಹಾಕಿಯೋ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿಯೋ ಪುಡಿ ಮಾಡುತ್ತಾರೆ. ಕಲ್ಲಿನಂತಾದ ಸಿಪ್ಪೆಯೂ ತಿರುಳೂ ಒಟ್ಟಿಗೇ ನುಣ್ಣಗಾಗುತ್ತವೆ.

ಬಾಟಲಿ ತುಂಬಿದ ಮೇಲೂ ನಂಬುವಂತಿಲ್ಲ. ಸಾಮಾನ್ಯವಾಗಿ ಕನಿಷ್ಠ 10 ಬಾಟಲಿ ಅಲ್ಲೊಂದು ಇಲ್ಲೊಂದು ಆರಿಸಿ, ಪ್ರತಿಯೊಂದನ್ನೂ ಎರಡೆರಡು ಸಲ ಅಳೆಯುತ್ತಾರೆ. ಒಂದೇ ಬಾಟಲಿಯ ಎರಡು ಅಳತೆಗಳ ನಡುವಿನ ವ್ಯತ್ಯಾಸಕ್ಕಿಂತ ಬಾಟಲಿಗಳ ನಡುವಿನ ವ್ಯತ್ಯಾಸ ಗಣನೀಯವಾಗಿ ಜಾಸ್ತಿಯಾದರೆ, ಪುಡಿ ಸಮನಾಗಿ ಬೆರೆತಿಲ್ಲ ಅಂತಲೇ ಅರ್ಥ. ಫ್ರೀಜರ್‌ನಲ್ಲಿ, ಸಾಗಿಸುವ ದಿನಗಳ ಬಿಸಿಲಿನಲ್ಲಿ ಔಷಧಿ ಎಷ್ಟು ಉಳಿಯುತ್ತದೆ ಅಂತಲೂ ತಿಂಗಳುಗಟ್ಟಲೆ ನೋಡಬೇಕು. ಕೊನೆಗೆ ಪ್ರಮಾಣಪತ್ರದಲ್ಲಿ ಅಂಕಿಯ ಜೊತೆ ಅದು ಎಷ್ಟು ಆಚೀಚೆ ಆಗಬಹುದು ಅನ್ನುವುದನ್ನೂ ಬರೆಯುತ್ತಾರೆ. ಪ್ರಮಾಣಿತ ಮಾದರಿ ತಯಾರಿಸುವವರಿಗಿರುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 17034 ಇಂಥದ್ದನ್ನೆಲ್ಲ ಕೇಳುತ್ತದೆ.

ಟೊಮೆಟೊಗೆ ಮಾಡಿದ ಬಾಟಲಿ ವೀಳ್ಯದೆಲೆಗೆ ಸಾಲದು. ಎಲೆಯ ಹಸಿರು, ಅದರ ಘಮದ ಎಣ್ಣೆ ಯಂತ್ರದ ಓದನ್ನು ಏರುಪೇರು ಮಾಡುತ್ತವೆ. ಮೈಸೂರು ವೀಳ್ಯದೆಲೆಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ, ಅಲ್ವಾ? ಅದನ್ನು ಬೇಯಿಸುವುದೂ ಇಲ್ಲ, ಒರೆಸಿ ಹಾಗೇ ಜಗಿಯುತ್ತೇವೆ. ಉತ್ತರ ಗೊತ್ತಿರುವ ವೀಳ್ಯದೆಲೆ ಪುಡಿ ಮೈಸೂರಿನಲ್ಲೇ ತಯಾರಾಗಬೇಕು ಅನ್ನುವುದು ನನ್ನ ಆಸೆ.