ಪೊರಕೆ ಇಡುವ ಬಾಗಿಲಿನ ಹಿಂದೆ

ನಮ್ಮ ಅಪಾರ್ಟ್‌ಮೆಂಟಿನ ಪ್ರತಿ ಮಹಡಿಯಲ್ಲೂ ಲಿಫ್ಟಿನ ಪಕ್ಕ ಬೂದುಬಣ್ಣದ ಒಂದು ಕಿರುಬಾಗಿಲಿದೆ. ನಾಲ್ಕನೆಯ ಮಹಡಿಯದನ್ನು ತೆರೆದರೆ ಎರಡು ಪೊರಕೆ, ಒಂದು ಬಕೆಟ್, ದಾರ ಬಿಗಿದ ಹಳೆಯ ಪತ್ರಿಕೆಗಳ ಕಟ್ಟು. ಅವುಗಳ ಹಿಂದೆ ಮಣಿಕಟ್ಟಿನಷ್ಟು ದಪ್ಪದ ಕರಿಯ ಕೇಬಲ್ಲುಗಳು ನೆಲಮಾಳಿಗೆಯಿಂದ ಹನ್ನೆರಡನೆಯ ಮಹಡಿಯವರೆಗೆ ಏರಿಹೋಗುತ್ತವೆ. ಎಲ್ಲರೂ ಇದನ್ನು ಡಕ್ಟ್ ಎನ್ನುತ್ತಾರೆ. ಕಳೆದ ತಿಂಗಳು ಎಲೆಕ್ಟ್ರಿಷಿಯನ್ ಒಬ್ಬರು ಬಂದು ಉಷ್ಣತೆ ಅಳೆಯುವ ಪಿಸ್ತೂಲಿನಂಥ ಉಪಕರಣವನ್ನು ಒಳಗಿನ ಜೋಡಣೆಗಳತ್ತ ಹಿಡಿದರು. ಮೊದಲನೆಯದು 41 ಡಿಗ್ರಿ, ಎರಡನೆಯದು 43. ಮೂರನೆಯದು 88. ‘ಸ್ಕ್ರೂ ಸಡಿಲವಾಗಿದೆ ಸರ್, ಅಷ್ಟೇ’ ಎಂದರು.

ಆ ‘ಅಷ್ಟೇ’ಯ ಲೆಕ್ಕ ಹಾಕಿ ನೋಡೋಣ. ತಂತಿಯಲ್ಲಿ ಹುಟ್ಟುವ ಶಾಖ, ವಿದ್ಯುತ್ ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಷ್ಟು. ಬಿಗಿಯಾದ ಜೋಡಣೆಯ ರೋಧ ಇಲ್ಲವೆನ್ನುವಷ್ಟು ಕಡಿಮೆ. ಅದು ಸಡಿಲಗೊಂಡು ಅರ್ಧ ಓಮ್ ಆಯಿತೆನ್ನಿ, 20 ಆಂಪಿಯರ್ ಹರಿದರೆ ಸ್ಕ್ರೂ ಇರುವಷ್ಟೇ ಜಾಗದಲ್ಲಿ 200 ವ್ಯಾಟ್ ಶಾಖ. ರೇಡಿಯೊ ರಿಪೇರಿಯವರು ಸೀಸ ಕರಗಿಸುವ ಸಾಮಾನ್ಯ ಬೆಸುಗೆ ಕಡ್ಡಿ 25 ವ್ಯಾಟಿನದು. ಅಲ್ಯೂಮಿನಿಯಂ ತಂತಿಯಾದರೆ ಕಷ್ಟ ಇನ್ನೂ ಹೆಚ್ಚು: ಅದು ಮೆತ್ತಗಿನ ಲೋಹ, ಬಿಸಿಗೆ ಹಿಗ್ಗಿ ತಣ್ಣಗಾದಾಗ ಕುಗ್ಗುತ್ತ ಜೋಡಣೆಯನ್ನು ಸಡಿಲಿಸುತ್ತದೆ. ಮೇಲೆ ಕೂರುವ ಆಕ್ಸೈಡ್ ಪದರವಂತೂ ವಿದ್ಯುತ್ತನ್ನೇ ಬಿಡುವುದಿಲ್ಲ. ತಾನಾಗಿ ಬಿದ್ದು ವಿದ್ಯುತ್ ಕಡಿಯುವ ಸ್ವಿಚ್ಚು, ಎಂಸಿಬಿ, ಇದೆಯಲ್ಲ ಎಂದು ನೆಮ್ಮದಿಯಾಗಿರುವಂತಿಲ್ಲ. ಅದು ಬೀಳುವುದು ಪ್ರವಾಹ ಮಿತಿ ಮೀರಿದಾಗ. ಇಲ್ಲಿ ಹರಿಯುತ್ತಿರುವುದು ಎಂದಿನ ಪ್ರವಾಹವೇ. ಮರುದಿನ ಪತ್ರಿಕೆಯಲ್ಲಿ ‘ಶಾರ್ಟ್ ಸರ್ಕ್ಯೂಟ್‌ನಿಂದ ಬೆಂಕಿ’ ಎಂದು ಬರುತ್ತದೆ. ಶಾರ್ಟ್ ಸರ್ಕ್ಯೂಟ್ ಎಷ್ಟೋ ಸಲ ಕಥೆಯ ಕೊನೆಯ ಅಧ್ಯಾಯ. ತಿಂಗಳುಗಟ್ಟಲೆ ಬೆಂದ ಹೊದಿಕೆ ಕೊನೆಗೊಂದು ದಿನ ಸುಟ್ಟುಹೋಗಿ ತಂತಿಗಳು ಒಂದಕ್ಕೊಂದು ತಾಗಿರುತ್ತವೆ.

2010ರ ಫೆಬ್ರುವರಿ 23ರಂದು ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ಸತ್ತರು. ಬೆಂಕಿ ಹುಟ್ಟಿದ್ದು ಇಂಥದೇ ವಿದ್ಯುತ್ ಡಕ್ಟಿನಲ್ಲಿ. ಮಹಡಿ ಮಹಡಿಗಳನ್ನು ಜ್ವಾಲೆ ನುಂಗಿದ ದುರಂತ ಅದಲ್ಲ. ಜನರನ್ನು ಅಟ್ಟಿಸಿಕೊಂಡು ಬಂದದ್ದು ಹೊಗೆ. ಉಸಿರಿಗಾಗಿ ಕಿಟಕಿಯ ಗಾಜು ಒಡೆದರು, ಕೆಲವರು ಅಲ್ಲಿಂದಲೇ ಹಾರಿದರು. ತುರ್ತು ದಾರಿಗಳು ಮುಚ್ಚಿದ್ದವೆಂದು ಆಗ ವರದಿಯಾಗಿತ್ತು.

ಹೊಗೆ ಹೀಗೇಕೆ ಓಡುತ್ತದೆ ಎನ್ನುವುದು ಬಚ್ಚಲುಮನೆಯ ಹಂಡೆ ಒಲೆ ಹೊತ್ತಿಸಿದವರಿಗೆ ಗೊತ್ತು. ಸೌದೆ ಹತ್ತುವ ತನಕ ಹೊಗೆಯೆಲ್ಲ ಕಣ್ಣಿಗೇ ಬರುತ್ತದೆ. ಹೊಗೆಕೊಳವೆ ಒಮ್ಮೆ ಕಾಯಿತೆಂದರೆ ಊದುಕೊಳವೆ ಪಕ್ಕಕ್ಕಿಡಬಹುದು, ಒಲೆ ತಾನೇ ಗಾಳಿ ಸೆಳೆದುಕೊಂಡು ಉರಿಯುತ್ತದೆ. 27 ಡಿಗ್ರಿಯಲ್ಲಿರುವ ಗಾಳಿ 327 ಡಿಗ್ರಿಗೆ ಏರಿದರೆ ಅದರ ಸಾಂದ್ರತೆ ಅರ್ಧಕ್ಕಿಳಿಯುತ್ತದೆ. ಹಗುರಾದದ್ದು ಮೇಲೇರುತ್ತದೆ, ಖಾಲಿಯಾದ ಜಾಗಕ್ಕೆ ಕೆಳಗಿನಿಂದ ತಣ್ಣನೆಯ ಗಾಳಿ ನುಗ್ಗುತ್ತದೆ. ಕೊಳವೆ ಎತ್ತರವಾದಷ್ಟೂ ಸೆಳೆತ ಜೋರು. ಡಕ್ಟ್ ಎಂದರೆ ಕಟ್ಟಡದಷ್ಟೇ ಎತ್ತರದ, ಪ್ರತಿ ಮಹಡಿಯಲ್ಲೂ ತೂತಿರುವ ಹೊಗೆಕೊಳವೆ. ಕೆಳಗಿನ ತೂತುಗಳು ಗಾಳಿಯನ್ನು ಒಳಗೆಳೆದುಕೊಳ್ಳುತ್ತವೆ, ಮೇಲಿನವು ಹೊಗೆಯನ್ನು ಹೊರಗೆ ನೂಕುತ್ತವೆ. ಹಾಗಾಗಿ ಬೆಂಕಿಯ ಪಕ್ಕದ ಮಹಡಿಯಲ್ಲಿದ್ದವರಿಗೆ ಸುಳಿವೂ ಸಿಗದಿರಬಹುದು, ಎಷ್ಟೋ ಮೇಲಿರುವವರು ಕೆಮ್ಮತೊಡಗಿರುತ್ತಾರೆ.

ಕೇಬಲ್ ಹೊದಿಕೆಯ ಪಿವಿಸಿ ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಹೊಮ್ಮುತ್ತದೆ. ಕಣ್ಣು, ಗಂಟಲಿನ ತೇವ ಸಿಕ್ಕಿದ್ದೇ ಅದು ಹೈಡ್ರೋಕ್ಲೋರಿಕ್ ಆಮ್ಲ. ಕಣ್ಣು ಬಿಡಲಾಗದೆ ಜನ ಪರಿಚಿತ ಕಾರಿಡಾರಿನಲ್ಲೇ ದಾರಿ ತಪ್ಪುತ್ತಾರೆ. ಜೊತೆಗೆ ಕಾರ್ಬನ್ ಮಾನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೂಗಿಗೆ ಒದ್ದೆ ಬಟ್ಟೆ ಹಿಡಿಯಿರಿ ಎಂಬ ಸಲಹೆ ಮಸಿಗೆ ಸರಿ, ಒಂದಿಷ್ಟು ಆಮ್ಲಕ್ಕೂ ಸರಿ. ಮಾನಾಕ್ಸೈಡ್ ಮಾತ್ರ ಬಟ್ಟೆಯ ಮೂಲಕ ಆರಾಮಾಗಿ ಹಾದುಬರುತ್ತದೆ.

ಹೊಗೆಗೆ ದಾರಿ ಒಳಗೇ ಇರಬೇಕೆಂದಿಲ್ಲ. ಲಂಡನ್ನಿನ ಗ್ರೆನ್‌ಫೆಲ್ ಟವರಿನಲ್ಲಿ 2017ರ ಜೂನ್ 14ರಂದು ನಾಲ್ಕನೆಯ ಮಹಡಿಯ ಒಂದು ಫ್ರಿಜ್ಜಿನಿಂದ ಶುರುವಾದ ಬೆಂಕಿ ಹೊರಗೋಡೆಗೆ ಹೊದಿಸಿದ್ದ ಪಾಲಿಥಿಲೀನ್ ತಿರುಳಿನ ಹಲಗೆಗಳನ್ನು ಹಿಡಿದು ಮೇಲೇರಿತು. 72 ಜನ ಸತ್ತರು. ನಮ್ಮ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳನ್ನು ನೋಡಿದಾಗ ನನ್ನ ಕಣ್ಣು ಹೋಗುವುದು ಗಾಜಿಗೂ ಮಹಡಿಯ ಅಂಚಿಗೂ ನಡುವಿನ ಸಂದಿಯತ್ತ. ಅಲ್ಲಿ ಬೆಂಕಿ ತಡೆಯುವ ತುಂಬುವಿಕೆ ಇಲ್ಲದಿದ್ದರೆ ಅದೂ ಒಂದು ಹೊಗೆಕೊಳವೆಯೇ.

ಮದ್ದು ಅಗ್ಗದ್ದೇ. ಕೇಬಲ್ ಒಂದು ಮಹಡಿಯಿಂದ ಇನ್ನೊಂದಕ್ಕೆ ದಾಟುವ ಪ್ರತಿ ತೂತನ್ನೂ ಬೆಂಕಿ ತಾಳುವ ವಸ್ತುವಿನಿಂದ ಮುಚ್ಚಬೇಕು. ರಾಷ್ಟ್ರೀಯ ಕಟ್ಟಡ ಸಂಹಿತೆಯೂ ಇದನ್ನೇ ಹೇಳುತ್ತದೆ. ಆದರೆ ಮುಚ್ಚಿದ ತೂತು ಮುಚ್ಚಿಯೇ ಇರುವುದಿಲ್ಲ. ಇಂಟರ್ನೆಟ್ ಕೇಬಲ್ ಎಳೆಯಲು ಬಂದವರು ಕೊರೆಯುತ್ತಾರೆ, ಡಿಶ್ ಹಾಕುವವರು ಮತ್ತೆ ಕೊರೆಯುತ್ತಾರೆ, ಕೊರೆದವರು ತಿರುಗಿ ಮುಚ್ಚಿದ್ದನ್ನು ನಾನು ಕಂಡಿಲ್ಲ. ಬೆಂಕಿ ಬಿದ್ದಾಗ ಚಾವಣಿಯಿಂದ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಕೂಡ ಸರಳ ವಸ್ತು: ನೀರಿಗೆ ಅಡ್ಡವಾಗಿ ಕೆಂಪು ದ್ರವ ತುಂಬಿದ ಕಡ್ಡಿಯಷ್ಟು ಗಾಜಿನ ಬುರುಡೆ. 68 ಡಿಗ್ರಿ ತಲುಪಿದಾಗ ದ್ರವ ಹಿಗ್ಗಿ ಗಾಜು ಒಡೆಯುತ್ತದೆ. ಬಿಸಿ ತಗುಲಿದ್ದು ಮಾತ್ರ ತೆರೆದುಕೊಳ್ಳುತ್ತದೆ. ಒಂದು ಸಿಗರೇಟಿಗೆ ಇಡೀ ಕಟ್ಟಡದಲ್ಲಿ ಮಳೆ ಸುರಿಯುವುದು ಸಿನಿಮಾಗಳಲ್ಲಿ.

ಎಲೆಕ್ಟ್ರಿಷಿಯನ್ ಮೇನ್ ಆರಿಸಿ ಸ್ಕ್ರೂವನ್ನು ಅರ್ಧ ಸುತ್ತು ಬಿಗಿ ಮಾಡಿದರು. ಮತ್ತೆ ಹಾಕಿ ಸ್ವಲ್ಪ ಹೊತ್ತಿನ ಮೇಲೆ ಅಳೆದಾಗ 44. ಅವರು ಹೋದ ಮೇಲೆ ನಾನು ಮನೆಯಿಂದ ಊದಿನಕಡ್ಡಿಯೊಂದನ್ನು ತಂದು ಮುಚ್ಚಿದ ಬಾಗಿಲಿನ ಸಂದಿಗೆ ಹಿಡಿದೆ. ಕೇಬಲ್ಲುಗಳ ಕಾವಿಗೆ ಒಳಗಿನ ಗಾಳಿ ಹೊರಗಿನದಕ್ಕಿಂತ ತುಸು ಬೆಚ್ಚಗಿತ್ತು, ಅಷ್ಟೇ ಸಾಕಾಯಿತು. ನೆಟ್ಟಗೆ ಏಳುತ್ತಿದ್ದ ಹೊಗೆಯ ಎಳೆ ಅಡ್ಡ ಬಾಗಿ ಒಳಗೆ ಸೇರಿಕೊಂಡಿತು. ಹನ್ನೆರಡನೆಯ ಮಹಡಿಗೆ ಹೋಗಿ ಅಲ್ಲಿನ ಸಂದಿಗೂ ಹಿಡಿದೆ. ಅಲ್ಲಿ ಹೊಗೆ ಬಾಗಿಲಿನಿಂದ ದೂರಕ್ಕೆ, ನನ್ನ ಮುಖದತ್ತ ವಾಲಿತು.

ಅಸೋಸಿಯೇಷನ್‌ಗೆ ಪತ್ರ ಬರೆದೆ. ಒಂದೇ ವಾರದಲ್ಲಿ ಪೊರಕೆ, ಪತ್ರಿಕೆಗಳೆಲ್ಲ ಡಕ್ಟಿನಿಂದ ಹೊರಬಂದವು. ಬಕೆಟ್ ಈಗ ಮೆಟ್ಟಿಲ ಬಳಿ ಇದೆ. ಹೊಗೆ ಮೆಟ್ಟಿಲಿಗೆ ನುಗ್ಗದಂತೆ ಸದಾ ಮುಚ್ಚಿರಬೇಕಾದ ಅಗ್ನಿನಿರೋಧಕ ಬಾಗಿಲು ಮುಚ್ಚಿಕೊಳ್ಳದ ಹಾಗೆ ಅದನ್ನು ಅಡ್ಡ ಇಟ್ಟಿದ್ದಾರೆ.