ಲೇಬಲ್ ಉಳಿಯಬೇಕು, ಫೋನ್ ನಂಬರ್ ಕೆಡಬಾರದು

ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಬದಲಾದರೆ ಹಳಬರ ಜೀಮೇಲ್‌ನಲ್ಲಿರುವ ಕಾಂಟ್ಯಾಕ್ಟ್ ಪಟ್ಟಿ ಹೊಸಬರ ಕೈಗೆ ಹೋಗಬೇಕು. ಹೆಚ್ಚಿನವರು ಮಾಡುವುದೇನು? ಎಲ್ಲರ ವಿಳಾಸವನ್ನೂ ‘ಟು’ ಜಾಗಕ್ಕೆ ತುಂಬಿ ಒಂದು ಮೇಲ್ ಕಳಿಸಿ, ‘ಇದರಿಂದಲೇ ತಗೊಳ್ಳಿ’ ಅನ್ನುತ್ತಾರೆ. ಹೊಸಬರಿಗೆ ಹೆಸರೂ ಸರಿಯಾಗಿ ಸಿಗುವುದಿಲ್ಲ, ಫೋನ್ ನಂಬರಂತೂ ಇಲ್ಲವೇ ಇಲ್ಲ. ಜೊತೆಗೆ ಎಲ್ಲರ ವಿಳಾಸ ಎಲ್ಲರಿಗೂ ಬಯಲು.

ಸರಿಯಾದ ದಾರಿ ಕಷ್ಟದ್ದೇನಲ್ಲ. ಕಂಪ್ಯೂಟರಿನಲ್ಲಿ ಗೂಗಲ್ ಕಾಂಟ್ಯಾಕ್ಟ್ಸ್ ತೆರೆದು, ಎಡಗಡೆ ಆ ಗುಂಪಿನ ಲೇಬಲ್ ಒತ್ತಿ. ಒಬ್ಬರನ್ನು ಟಿಕ್ ಮಾಡಿದರೆ ಮೇಲೆ ‘ಆಲ್’ ಆಯ್ಕೆ ಸಿಗುತ್ತದೆ. ಎಲ್ಲರನ್ನೂ ಆರಿಸಿ, ಮೂರು ಚುಕ್ಕಿಯ ಮೆನುವಿನಲ್ಲಿ ‘ಎಕ್ಸ್‌ಪೋರ್ಟ್’ ಒತ್ತಿದಾಗ ಗೂಗಲ್ ಸಿಎಸ್‌ವಿ, ಔಟ್‌ಲುಕ್ ಸಿಎಸ್‌ವಿ, ವಿಕಾರ್ಡ್ ಎಂಬ ಮೂರು ಬಗೆ ಕಾಣುತ್ತವೆ. ಸಿಎಸ್‌ವಿ ಅಂದರೆ ಕಾಲಂಗಳಿರುವ ಸರಳ ಪಟ್ಟಿಯ ಫೈಲ್, ವಿಕಾರ್ಡ್ ಅಂದರೆ ವಿಸಿಟಿಂಗ್ ಕಾರ್ಡಿನಂತೆ ಒಬ್ಬೊಬ್ಬರ ವಿವರ ಇಡುವ ಫೈಲ್. ಪಡೆಯುವವರದೂ ಜೀಮೇಲ್ ಆಗಿದ್ದರೆ ಗೂಗಲ್ ಸಿಎಸ್‌ವಿಯನ್ನೇ ಆರಿಸಿ. ಅದರಲ್ಲಿ ‘ಲೇಬಲ್ಸ್’ ಎಂಬ ಕಾಲಂ ಇರುವುದರಿಂದ ಯಾರು ಯಾವ ಗುಂಪಿನವರೆಂಬುದು ಹೆಸರಿನ ಜೊತೆಗೇ ಹೋಗುತ್ತದೆ. ಅಪಾಯ ಇರುವುದೂ ಅಲ್ಲೇ. ಒಬ್ಬರಿಗೆ ನೀವು ‘ಚೀಟಿ ಬಾಕಿ’ ಎಂಬ ಇನ್ನೊಂದು ಲೇಬಲ್ ಹಚ್ಚಿದ್ದರೆ ಅದೂ ಹೋಗುತ್ತದೆ. ‘ನೋಟ್ಸ್’ನಲ್ಲಿ ಬರೆದಿಟ್ಟ ಮಾತು, ಹುಟ್ಟಿದ ದಿನ, ಮನೆ ವಿಳಾಸ ಇವೂ ಅಷ್ಟೆ. ಕಳಿಸುವ ಮೊದಲು ಫೈಲ್ ತೆರೆದು ಬೇಡದ್ದನ್ನು ಅಳಿಸಲೇಬೇಕು.

ಪಟ್ಟಿ ಕೆಡುವುದು ಹೆಚ್ಚಾಗಿ ಹೀಗೆ ತೆರೆಯುವಾಗಲೇ. ಸಿಎಸ್‌ವಿ ಫೈಲನ್ನು ಡಬಲ್ ಕ್ಲಿಕ್ ಮಾಡಿದರೆ ಎಕ್ಸೆಲ್ ಅದನ್ನು ತನಗೆ ತೋಚಿದಂತೆ ಓದುತ್ತದೆ. ಕನ್ನಡದಲ್ಲಿ ಬರೆದ ಹೆಸರುಗಳು ಅರ್ಥವಿಲ್ಲದ ಚಿಹ್ನೆಗಳಾಗಬಹುದು. 91ರಿಂದ ಶುರುವಾಗುವ 12 ಅಂಕಿಯ ನಂಬರ್ ‘9.19 ಇ ಪ್ಲಸ್ 11’ ಎಂಬ ರೂಪಕ್ಕೆ ತಿರುಗುತ್ತದೆ. ಹಾಗೇ ಸೇವ್ ಮಾಡಿದಿರೋ, ಕೊನೆಯ ಅಂಕಿಗಳು ಹೋದವು, ಮತ್ತೆ ಬರುವುದಿಲ್ಲ. ಇದಾದರೂ ಕಣ್ಣಿಗೆ ಬೀಳುವ ತಪ್ಪು. ಬೆಂಗಳೂರಿನ ಲ್ಯಾಂಡ್‌ಲೈನ್‌ದು ಇನ್ನೂ ಕೆಟ್ಟದ್ದು: 080ಯ ಮೊದಲ ಸೊನ್ನೆ ಬಿದ್ದುಹೋದರೆ ಉಳಿಯುವುದು 80ರಿಂದ ಶುರುವಾಗುವ ಹತ್ತಂಕಿ. ನೋಡಿದವರಿಗೆ ಅದು ಅಪ್ಪಟ ಮೊಬೈಲ್ ನಂಬರ್!

ಹಾಗಾಗಿ ಗೂಗಲ್ ಶೀಟ್ಸ್‌ನಲ್ಲಿ ‘ಇಂಪೋರ್ಟ್’ ಮೂಲಕ ತೆರೆಯುವುದು ಮೇಲು. ಅಲ್ಲಿ ಅಕ್ಷರವನ್ನು ಸಂಖ್ಯೆ, ದಿನಾಂಕಗಳಾಗಿ ಬದಲಿಸುವ ಆಯ್ಕೆಯ ಟಿಕ್ ತೆಗೆಯಿರಿ. ಎಕ್ಸೆಲ್ಲೇ ಬೇಕೆಂದರೆ ‘ಡೇಟಾ’ ಮೆನುವಿನ ‘ಫ್ರಮ್ ಟೆಕ್ಸ್ಟ್/ಸಿಎಸ್‌ವಿ’ಯಿಂದ ತೆರೆದು, ಕನ್ನಡ ಅಕ್ಷರ ಕೆಡದಂತೆ 65001 ಯುಟಿಎಫ್-8 ಎಂಬ ಅಕ್ಷರ ಸಂಕೇತ ಆರಿಸಿ, ಫೋನ್ ಕಾಲಂ ಅನ್ನು ‘ಟೆಕ್ಸ್ಟ್’ ಮಾಡಿ. ಸೇವ್ ಮಾಡುವಾಗಲೂ ‘ಸಿಎಸ್‌ವಿ ಯುಟಿಎಫ್-8’.

ಪಡೆದವರು ಗೂಗಲ್ ಕಾಂಟ್ಯಾಕ್ಟ್ಸ್‌ನಲ್ಲಿ ‘ಇಂಪೋರ್ಟ್’ ಒತ್ತಿ ಫೈಲ್ ಕೊಟ್ಟರೆ ಸಾಕು. ಒಂದು ಸಲಕ್ಕೆ 3000 ಜನರ ಮಿತಿ. ಇಂಪೋರ್ಟ್ ಆದ ದಿನದ ಹೆಸರಿನಲ್ಲಿ ಇನ್ನೊಂದು ಲೇಬಲ್ ತಾನಾಗಿ ಹುಟ್ಟಿಕೊಂಡಿರುತ್ತದೆ. ಅದನ್ನು ಅಳಿಸುವಾಗ ಕಾಂಟ್ಯಾಕ್ಟ್‌ಗಳನ್ನು ಉಳಿಸಿಕೊಳ್ಳಬೇಕೇ ಎಂದು ಕೇಳುತ್ತದೆ. ಅವಸರದಲ್ಲಿ ಅಳಿಸುವ ಆಯ್ಕೆ ಒತ್ತಿದರೆ ಲೇಬಲ್ ಜೊತೆ ಜನರೂ ಮಾಯ. ಅಂಥ ಹೊತ್ತಿಗೆ ಸೆಟಿಂಗ್ಸ್ ಚಕ್ರದ ಅಡಿಯಲ್ಲಿ ‘ಅನ್‌ಡೂ ಚೇಂಜಸ್’ ಇದೆ, 30 ದಿನದ ಹಿಂದಿನವರೆಗೂ ಹೋಗಬಹುದು.

ಮೈಕ್ರೋಸಾಫ್ಟ್‌ನ ಮೇಲ್ ತಂತ್ರಾಂಶ ಔಟ್‌ಲುಕ್‌ನ ಲೆಕ್ಕವೇ ಬೇರೆ. ಹಳೆಯ (ಕ್ಲಾಸಿಕ್) ಔಟ್‌ಲುಕ್‌ನಲ್ಲಿ ಸಿಎಸ್‌ವಿಯಾಗಿ ಎಕ್ಸ್‌ಪೋರ್ಟ್ ಮಾಡಿದರೆ ‘ಕಾಂಟ್ಯಾಕ್ಟ್ ಗ್ರೂಪ್’ ಅದರಲ್ಲಿ ಬರುವುದೇ ಇಲ್ಲ. ಗ್ರೂಪನ್ನು ತೆರೆದು ‘ಫಾರ್ವರ್ಡ್ ಗ್ರೂಪ್’, ‘ಆ್ಯಸ್ ಆ್ಯನ್ ಔಟ್‌ಲುಕ್ ಕಾಂಟ್ಯಾಕ್ಟ್’ ಒತ್ತಿ ಮೇಲ್ ಮಾಡಬೇಕು. ಪಡೆದವರು ಆ ಅಟ್ಯಾಚ್‌ಮೆಂಟನ್ನು ಎಳೆದು ತಮ್ಮ ಕಾಂಟ್ಯಾಕ್ಟ್ಸ್ ಫೋಲ್ಡರಿಗೆ ಬಿಟ್ಟರೆ ಗುಂಪು ಇಡಿಯಾಗಿ ಬಂತು. ಇದು ಔಟ್‌ಲುಕ್‌ನಿಂದ ಔಟ್‌ಲುಕ್‌ಗೆ ಮಾತ್ರ. ಇನ್ನು, ನೂರು ಜನರಿರುವ ಒಂದೇ ವಿಕಾರ್ಡ್ ಫೈಲನ್ನು ಕ್ಲಾಸಿಕ್ ಔಟ್‌ಲುಕ್‌ಗೆ ಕೊಟ್ಟರೆ ಮೊದಲನೆಯವರೊಬ್ಬರನ್ನು ತೆಗೆದುಕೊಂಡು ಸುಮ್ಮನಾಗುತ್ತದೆ. ‘ಫೈಲ್ ಕೆಟ್ಟಿದೆ’ ಎಂಬ ದೂರು ಬಂದರೆ ಮೊದಲು ಇದನ್ನು ನೋಡಿ. ಅದೇ ಫೈಲ್ ಐಫೋನಿನಲ್ಲಿ ಸಲೀಸಾಗಿ ತೆರೆಯುತ್ತದೆ.

ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶ ಬಳಸುವವರು ಎಲ್‌ಡಿಐಎಫ್ ಎಂಬ ಇನ್ನೊಂದು ಬಗೆಯ ಫೈಲಾಗಿ ಎಕ್ಸ್‌ಪೋರ್ಟ್ ಮಾಡಲಿ. ಸಿಎಸ್‌ವಿಯಲ್ಲಿ ಹೆಸರುಗಳು ಬರುತ್ತವೆ, ಗುಂಪು ಬರುವುದಿಲ್ಲ.

ಯಾವ ದಾರಿ ಹಿಡಿದರೂ ಕೈ ಸೇರುವುದು ನಕಲು. ಬಾಡಿಗೆದಾರರು ಬದಲಾಗುತ್ತಲೇ ಇರುವ ಕಡೆ ಆರು ತಿಂಗಳಿಗೆ ಹಳಸುತ್ತದೆ. ಅಂಥವರಿಗೆ ಗೂಗಲ್ ಗ್ರೂಪ್ಸ್ ಒಳ್ಳೆಯದು: ಇಡೀ ಗುಂಪಿಗೆ ಒಂದೇ ವಿಳಾಸ, ಪಟ್ಟಿ ತಿದ್ದುವುದು ಒಂದೇ ಕಡೆ. ಸದಸ್ಯರ ಪಟ್ಟಿ ಮ್ಯಾನೇಜರ್‌ಗಳಿಗೆ ಮಾತ್ರ ಕಾಣುವಂತೆ ಮೊದಲೇ ಸೆಟಿಂಗ್ ಬದಲಿಸಿ. ಒಂದು ದಿನಕ್ಕೆ ಇಂತಿಷ್ಟೇ ಜನರನ್ನು ಸೇರಿಸಬಹುದೆಂಬ ಮಿತಿಯಿರುವುದರಿಂದ ದೊಡ್ಡ ಗುಂಪಾದರೆ ಕೆಲಸವನ್ನು ಕೆಲವು ದಿನಗಳಿಗೆ ಹಂಚಿಕೊಳ್ಳಿ. ಅಧಿಕಾರ ಬದಲಾದಾಗ ಹೊಸ ಕಾರ್ಯದರ್ಶಿಯನ್ನು ‘ಓನರ್’ ಮಾಡಿ, ಅವರು ತಮ್ಮ ಖಾತೆಯಿಂದ ತೆರೆದು ಖಚಿತಪಡಿಸಿಕೊಂಡ ಮೇಲೆಯೇ ಹಳಬರ ಹೆಸರು ತೆಗೆಯಿರಿ.